ರಬ್ಬರ್ ಸ್ಟಾಂಪು ಒತ್ತಿ ಶುಭಾಶಯ ಪತ್ರ: ಇಂಕು, ಕಾಗದ, ಕೈಯ ಒತ್ತು

ಕೇಳುಗರಿಗೆ ನಮಸ್ಕಾರ.

ರಬ್ಬರ್ ಸ್ಟಾಂಪಿನಿಂದ ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡಲು ಹೊರಟವರು ಮೊದಲು ನೋಡುವುದು ಸ್ಟಾಂಪಿನ ಚಿತ್ರವನ್ನು. ಹೂವು ಚೆನ್ನಾಗಿದೆಯೇ, ಹಕ್ಕಿ ಮುದ್ದಾಗಿದೆಯೇ ಎಂದು. ಆದರೆ ಕಾರ್ಡು ಕೆಟ್ಟಾಗ ತಪ್ಪು ಚಿತ್ರದಲ್ಲಿರುವುದು ಅಪರೂಪ. ಬಹುಪಾಲು ಇಂಕಿಗೂ ಕಾಗದಕ್ಕೂ ಕೂಡಿಬಂದಿರುವುದಿಲ್ಲ. ಅಚ್ಚು ಮೂಡಿದ ಮೇಲೆ ಅದನ್ನು ಏನು ಮಾಡುತ್ತೀರಿ? ಹಾಗೇ ಬಿಡುತ್ತೀರಾ, ಒಳಗೆ ನೀರಿನ ಬಣ್ಣ ತುಂಬುತ್ತೀರಾ, ಪುಡಿ ಉದುರಿಸಿ ಉಬ್ಬಿಸುತ್ತೀರಾ? ಇದನ್ನು ಮೊದಲೇ ತೀರ್ಮಾನಿಸಿಕೊಂಡರೆ ಯಾವ ಇಂಕು ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಕಾಗದದಿಂದ ಶುರು ಮಾಡೋಣ. ಅಳತೆಗಳನ್ನು ಬರೆದುಕೊಳ್ಳುವವರಿಗಾಗಿ ನಿಧಾನವಾಗಿ ಹೇಳುತ್ತೇನೆ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಉದ್ದವನ್ನು ಸರಿಯಾಗಿ ಅರ್ಧ ಮಾಡಿ ಕತ್ತರಿಸಿದರೆ 148.5 ಮತ್ತು 210ರ ಎರಡು ತುಂಡು ಸಿಗುತ್ತವೆ. ಒಂದೊಂದನ್ನೂ 105 ಮಿಲಿಮೀಟರಿಗೆ ಮಡಿಸಿದರೆ ಎ6 ಅಳತೆಯ ಎರಡು ಕಾರ್ಡು ಆಯಿತು. ಇದಕ್ಕೆ ಸಿ6 ಲಕೋಟೆ, ಅಂದರೆ 114 ಮತ್ತು 162 ಮಿಲಿಮೀಟರಿನದು, ಸರಿಹೊಂದುತ್ತದೆ. ಕಾರ್ಡಿನ ಮೈಗೆ 250ರಿಂದ 300 ಜಿಎಸ್‌ಎಂ ದಪ್ಪದ ಕಾಗದ ಬೇಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 200ಕ್ಕಿಂತ ತೆಳುವಾದರೆ ಕಾರ್ಡು ನೆಟ್ಟಗೆ ನಿಲ್ಲುವುದಿಲ್ಲ, ಸ್ವಲ್ಪ ದಿನಕ್ಕೆ ಬಾಗುತ್ತದೆ.

ಮಡಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆತ್ತಗೆ ಬಾಗಿಸಿ ನೋಡಿ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಬಿಗಿತ ತೋರುತ್ತದೆ. ಸಲೀಸಾಗಿ ಬಾಗುವಾಗ ಬಾಗಿನ ಗೆರೆ ಎತ್ತ ಓಡುತ್ತದೋ ಕಾಗದದ ನಾರೂ ಅತ್ತಲೇ ಓಡಿರುತ್ತದೆ. ಮಡಿಕೆ ನಾರಿನ ಗುಂಟ ಬಂದರೆ ನುಣುಪಾಗಿ ಕೂರುತ್ತದೆ, ಅಡ್ಡ ಬಂದರೆ ಬಿರಿದು ಬಿಳಿ ಎಳೆ ಕಾಣುತ್ತದೆ. ನೇರ ಮಡಿಸಬಾರದು, ಮೊದಲು ಗೀರಬೇಕು. ಸ್ಟೀಲ್ ಸ್ಕೇಲು ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಎರಡು ಸಲ ಗೀರಿದರೆ ಸಾಕು. ಗೀರಿದಾಗ ಒಂದು ಕಡೆ ತಗ್ಗು, ಹಿಂಬದಿಗೆ ಸಣ್ಣ ಏಣು ಬರುತ್ತದೆ. ಆ ಏಣು ಮಡಿಕೆಯ ಒಳಗೆ ಬರಬೇಕು, ತಗ್ಗು ಹೊರಗೆ. ತುಂಬ ಜನ ತಗ್ಗಿನ ಕಡೆಗೇ ಮಡಿಸುತ್ತಾರೆ. ಹಾಗೆ ಮಾಡಿದರೆ ಹೊರಮೈ ಹೆಚ್ಚು ಎಳೆದು ಬಿರಿಯುತ್ತದೆ.

ಇನ್ನೊಂದು ಮಾತು. ಕಾರ್ಡಿನ ಮೈಮೇಲೆ ನೇರ ಅಚ್ಚು ಒತ್ತಲು ಹೋಗಬೇಡಿ. 99 ಮತ್ತು 142 ಮಿಲಿಮೀಟರಿನ ಬೇರೆ ತುಂಡು ಕತ್ತರಿಸಿ ಅದರ ಮೇಲೆ ಒತ್ತಿ, ಆಮೇಲೆ ಅಂಟಿಸಿ. ಸುತ್ತಲೂ 3 ಮಿಲಿಮೀಟರ್ ಅಂಚು ಚೆಂದವಾಗಿ ಉಳಿಯುತ್ತದೆ. ಅಚ್ಚು ಕೆಟ್ಟರೂ ಹಾಳಾಗುವುದು ಆ ತುಂಡು ಮಾತ್ರ. ಆ ತುಂಡು ನಯವಾಗಿರಲಿ, ಆದರೆ ಮಿರುಗುವ ಲೇಪನ ಇರುವುದು ಬೇಡ.

ಈಗ ಇಂಕು. ಡೈ ಇಂಕು ನೀರಿನಂತೆ ತೆಳು. ಕಾಗದದೊಳಗೆ ಇಳಿದು ನಿಮಿಷದೊಳಗೆ ಒಣಗುತ್ತದೆ, ಗೆರೆ ಸಣ್ಣಗೆ ಮೂಡುತ್ತದೆ. ಒರಟು ಕಾಗದದಲ್ಲಾದರೆ ನಾರಿನ ಗುಂಟ ಹರಿದು ಗೆರೆಗೆ ಕೂದಲು ಮೂಡಿದಂತೆ ಕಾಣುತ್ತದೆ. ಪಿಗ್ಮೆಂಟ್ ಇಂಕು ಮಂದ. ಕಾಗದದ ಮೇಲೆಯೇ ಕೂರುತ್ತದೆ, ನಿಧಾನವಾಗಿ ಒಣಗುತ್ತದೆ, ಗಾಢ ಬಣ್ಣದ ಕಾಗದದ ಮೇಲೂ ಕಾಣುತ್ತದೆ. ಮಿರುಗುವ ಲೇಪನದ ಕಾಗದಕ್ಕೆ ಹಾಕಿದರೆ ಮಾತ್ರ ಮರುದಿನವೂ ಬೆರಳಿಗೆ ಹತ್ತುತ್ತದೆ. ಅಂಥ ನುಣುಪು ಮೈಗೆ, ಪ್ಲಾಸ್ಟಿಕ್ ಹಾಳೆಗೆ ಸಾಲ್ವೆಂಟ್ ಇಂಕು, ಅಂದರೆ ನೀರಿನ ಬದಲು ಬೇಗ ಆರುವ ದ್ರಾವಕದಲ್ಲಿ ಕಲಸಿದ ಇಂಕು, ಬೇಕು. ಅದನ್ನು ತೊಳೆಯಲು ಅದರದೇ ದ್ರವ ಬೇಕು, ಕಿಟಕಿ ತೆರೆದಿರಬೇಕು. ಕಚೇರಿಯ ಮೊಹರಿಗೆ ಬಳಸುವ ನೇರಳೆ ಇಂಕನ್ನು ಈ ಕೆಲಸಕ್ಕೆ ತರಬೇಡಿ. ನೀರು ತಾಗಿದ ಕೂಡಲೇ ಹರಡುತ್ತದೆ.

ಹಾಗಾದರೆ ಯಾವುದು? ಒಳಗೆ ನೀರಿನ ಬಣ್ಣ ತುಂಬುವುದಿದ್ದರೆ, ಒಣಗಿದ ಮೇಲೆ ನೀರಿಗೆ ಜಗ್ಗದ ಇಂಕನ್ನೇ ಆರಿಸಿ. ಹಾಗೆಂದು ಪ್ಯಾಡಿನ ಮೇಲೆ ಬರೆದಿರುತ್ತದೆ. ಆದರೂ ಚೂರು ಕಾಗದದಲ್ಲಿ ಒತ್ತಿ, ಹತ್ತು ನಿಮಿಷ ಬಿಟ್ಟು, ಒದ್ದೆ ಕುಂಚ ಎಳೆದು ನೋಡಿ. ಬಣ್ಣ ಬಿಟ್ಟರೆ ಅದು ಬೇಡ. ಆಲ್ಕೋಹಾಲ್ ಮಾರ್ಕರಿನಿಂದ ತುಂಬುವುದಿದ್ದರೆ ಲೆಕ್ಕ ಬೇರೆ. ನೀರಿಗೆ ಜಗ್ಗದ ಸಾಲ್ವೆಂಟ್ ಇಂಕು ಮಾರ್ಕರು ತಾಗಿದ ಕೂಡಲೇ ಕರಗಿ ಮಸಿಯಾಗುತ್ತದೆ. ಗೆರೆ ಅಚ್ಚಿನದು, ಬಣ್ಣ ಕೈಯದು ಅನ್ನುವ ಈ ಪದ್ಧತಿ ಹಳೆಯದು. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅಚ್ಚು ಹಾಕಿಸಿದ ಕ್ರಿಸ್ಮಸ್ ಕಾರ್ಡಿನಲ್ಲೂ ಗೆರೆ ಕಲ್ಲಚ್ಚಿನಿಂದ ಬಂದಿತ್ತು, ಬಣ್ಣ ಕೈಯಿಂದ ತುಂಬಿದ್ದು.

ಸ್ಟಾಂಪುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮರದ ಹಿಡಿಗೆ ಅಂಟಿಸಿದ ರಬ್ಬರಿನದು ಒಂದು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದರಿಂದಲೇ, ಕೂದಲೆಳೆಯಂಥ ಗೆರೆಯೂ ರಬ್ಬರಿನಲ್ಲಿ ಹಾಗೇ ನಿಲ್ಲುವುದು ಸಾಧ್ಯವಾಯಿತು. ಇನ್ನೊಂದು, ಹಿಂದೆ ಮುಂದೆ ಕಾಣುವ ಪಾರದರ್ಶಕ ಸ್ಟಾಂಪು. ಅದನ್ನು ಗಾಜಿನಂಥ ಅಕ್ರಿಲಿಕ್ ಹಲಗೆಗೆ ಮೆತ್ತಿ ಒತ್ತುತ್ತೇವೆ. ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಕಾಣುವುದು ಇದರ ದೊಡ್ಡ ಅನುಕೂಲ. ಆದರೆ ಹೊಸದರಲ್ಲಿ ಇದರ ಮೈ ಜಾರುತ್ತದೆ, ಇಂಕು ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ, ಅಚ್ಚು ಚುಕ್ಕೆಚುಕ್ಕೆಯಾಗಿ ಬರುತ್ತದೆ. ಬಿಳಿ ಎರೇಸರಿನಿಂದ ಅದರ ಮುಖವನ್ನು ಹಗುರವಾಗಿ ಒಮ್ಮೆ ಉಜ್ಜಿದರೆ ಸರಿಹೋಗುತ್ತದೆ. ಹಗುರವಾಗಿ ಅಂದೆ, ನೆನಪಿರಲಿ. ಜೋರಾಗಿ ಉಜ್ಜಿದರೆ ಸಣ್ಣ ಗೆರೆ ಕಿತ್ತುಬರುತ್ತದೆ.

ಒತ್ತುವ ಕೆಲಸಕ್ಕೆ ಬರೋಣ. ಪುಟ್ಟ ಸ್ಟಾಂಪಾದರೆ ಪ್ಯಾಡಿನ ಮೇಲೆ ಮೂರು ನಾಲ್ಕು ಸಲ ಮೆತ್ತಗೆ ತಟ್ಟಿ. ದೊಡ್ಡದಾದರೆ ಸ್ಟಾಂಪನ್ನು ಅಂಗಾತ ಇಟ್ಟು ಪ್ಯಾಡಿನಿಂದ ಅದನ್ನು ತಟ್ಟಿ. ಉಜ್ಜಬೇಡಿ, ಒತ್ತಿಹಿಡಿಯಬೇಡಿ. ಆಮೇಲೆ ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಇಂಕು ಎಲ್ಲ ಕಡೆ ಒಂದೇ ಸಮ ಹೊಳೆಯಬೇಕು, ಗೆರೆಗಳ ನಡುವಿನ ತಗ್ಗಿನಲ್ಲಿ ನಿಂತಿರಬಾರದು. ನಿಂತಿದ್ದರೆ ಒರೆಸಿ ಮತ್ತೆ ಹಚ್ಚಿ. ರಬ್ಬರಿನ ಅಂಚಿಗೆ ಇಂಕು ತಾಗಿದ್ದರೆ ಬೆರಳಿಗೆ ಬಟ್ಟೆ ಸುತ್ತಿ ಆ ಅಂಚನ್ನಷ್ಟೇ ಒರೆಸಿಬಿಡಿ.

ನೇರ ಇಳಿಸಿ, ಒತ್ತಿ, ಒಂದೆರಡು ಕ್ಷಣ ಹಿಡಿದು, ನೇರ ಎತ್ತಿ. ಎತ್ತುವಾಗ ಇನ್ನೊಂದು ಕೈಯ ಬೆರಳು ಕಾಗದದ ಮೂಲೆಯಲ್ಲಿರಲಿ. ಇಲ್ಲದಿದ್ದರೆ ಕಾಗದ ಸ್ಟಾಂಪಿಗೆ ಅಂಟಿಕೊಂಡು ಮೇಲೆದ್ದು, ಮತ್ತೆ ಬಿದ್ದು, ಗೆರೆ ಎರಡೆರಡಾಗುತ್ತದೆ. ಸಣ್ಣ ಗೆರೆಯ ಚಿತ್ರಕ್ಕೆ ಹಗುರ ಒತ್ತು ಸಾಕು, ಜೋರಾದರೆ ಗೆರೆ ದಪ್ಪವಾಗುತ್ತದೆ. ಇಡೀ ಮೈ ತುಂಬಿದ ಎಲೆ, ಹೃದಯದಂಥ ಆಕಾರಕ್ಕೆ ಎದ್ದುನಿಂತು ಮೈಭಾರ ಹಾಕಿ ಒತ್ತಿದರೂ ತಪ್ಪಿಲ್ಲ. ಚಿತ್ರದ ಸುತ್ತ ಬೇಡದ ಚೌಕದ ನೆರಳು ಬಿದ್ದರೆ ಸ್ಟಾಂಪನ್ನು ತೂಗಾಡಿಸಿದ್ದೀರಿ, ಇಲ್ಲವೇ ಕೆಳಗಿನ ಹಾಸು ತೀರ ಮೆತ್ತಗಿದೆ ಎಂದರ್ಥ. ಪಾರದರ್ಶಕ ಸ್ಟಾಂಪಿಗೆ ಕೆಳಗೆ 2 ಮಿಲಿಮೀಟರಿನ ಫೋಮ್ ಹಾಳೆ ಸಾಕು. ಮರದ ಸ್ಟಾಂಪಿನಲ್ಲಿ ರಬ್ಬರಿಗೂ ಮರಕ್ಕೂ ನಡುವೆ ಫೋಮ್ ಆಗಲೇ ಇರುತ್ತದೆ. ಅದಕ್ಕೆ ಗಟ್ಟಿ ಮೇಜಿನ ಮೇಲೆ ನಾಲ್ಕು ಹಾಳೆ ಹಾಸಿದರಾಯಿತು.

ಮರದ ಸ್ಟಾಂಪಿನಲ್ಲಿ ಚಿತ್ರ ಎಲ್ಲಿ ಬೀಳುತ್ತದೆಂದು ಕಾಣುವುದಿಲ್ಲವಲ್ಲ, ಅದಕ್ಕೊಂದು ಸರಳ ಉಪಾಯವಿದೆ. ಮೂಲೆಮಟ್ಟದಂತೆ ಲಂಬಕೋನವಿರುವ ದಪ್ಪ ಪಟ್ಟಿ ಒಂದು, ಮೂಲೆ ನೇರವಿರುವ ಟ್ರೇಸಿಂಗ್ ಕಾಗದ ಒಂದು. ಟ್ರೇಸಿಂಗ್ ಕಾಗದದ ಮೂಲೆಯನ್ನು ಪಟ್ಟಿಯ ಒಳಮೂಲೆಗೆ ಕೂರಿಸಿ. ಸ್ಟಾಂಪಿನ ಮರವನ್ನೂ ಅದೇ ಮೂಲೆಗೆ ಒತ್ತರಿಸಿ ಅಚ್ಚು ಒತ್ತಿ. ಈಗ ಆ ಕಾಗದವನ್ನು ಕಾರ್ಡಿನ ತುಂಡಿನ ಮೇಲೆ ಸರಿಸುತ್ತ, ಚಿತ್ರ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ. ಪಟ್ಟಿಯನ್ನು ತಂದು ಅದರ ಮೂಲೆಗೆ ತಾಗಿಸಿ, ಗಟ್ಟಿಯಾಗಿ ಹಿಡಿದು, ಟ್ರೇಸಿಂಗ್ ಕಾಗದವನ್ನು ಮೆಲ್ಲಗೆ ಎಳೆದುಬಿಡಿ. ಸ್ಟಾಂಪನ್ನು ಮೊದಲಿನಂತೆಯೇ ಮೂಲೆಗೆ ಒತ್ತರಿಸಿ ಇಳಿಸಿದರೆ ಚಿತ್ರ ನೀವು ನೋಡಿದ ಜಾಗದಲ್ಲೇ ಬೀಳುತ್ತದೆ. ಅಚ್ಚು ಮಾಸಲಾಗಿದ್ದರೆ ಪಟ್ಟಿ ಅಲುಗಿಸದೆ ಇನ್ನೊಮ್ಮೆ ಒತ್ತಬಹುದು.

ಒಂದು ಹೂವಿನ ಹಿಂದೆ ಇನ್ನೊಂದು ಹೂವು ಕಾಣಬೇಕಾದರೆ ಮುಂದಿನದನ್ನೇ ಮೊದಲು ಒತ್ತಬೇಕು. ಅದೇ ಚಿತ್ರವನ್ನು ಅಂಟುಚೀಟಿಯ ಮೇಲೂ ಒತ್ತಿ, ಅಂಟಿನ ಭಾಗ ಚಿತ್ರದ ಹಿಂದೆ ಬರುವಂತೆ ನೋಡಿಕೊಂಡು, ಗೆರೆಯ ಮೇಲೆಯೇ ಕತ್ತರಿಸಿ. ಅದನ್ನು ಮೊದಲ ಹೂವಿಗೆ ಮುಚ್ಚಿ ಎರಡನೆಯದನ್ನು ಒತ್ತಿ. ಗೆರೆಯಿಂದಾಚೆ ಕತ್ತರಿಸಿದರೆ ಎರಡು ಹೂವಿನ ನಡುವೆ ಬಿಳಿ ಸಂದಿ ಉಳಿಯುತ್ತದೆ. ದಪ್ಪ ಕಾಗದ ಮುಚ್ಚಿದರೂ ಅದೇ ಗತಿ, ಏಕೆಂದರೆ ಮೆಟ್ಟಿಲಿನಂತಾದ ಆ ಅಂಚಿನ ಪಕ್ಕಕ್ಕೆ ಸ್ಟಾಂಪು ಇಳಿಯುವುದಿಲ್ಲ.

ಎಲ್ಲರಿಗೂ ಆಸೆ ಹುಟ್ಟಿಸುವುದು ಉಬ್ಬು ಅಚ್ಚು, ಹೀಟ್ ಎಂಬಾಸಿಂಗ್. ಹಸಿ ಅಚ್ಚಿನ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಶಾಖದಿಂದ ಕರಗಿಸಿ ಗೆರೆ ಉಬ್ಬಿಸುವುದು. ಇದನ್ನು ಹತ್ತಿರದಿಂದ ನೋಡೋಣ. ತೆಳು ಬಟ್ಟೆಯಲ್ಲಿ ಸ್ವಲ್ಪ ಟಾಲ್ಕಂ ಪೌಡರ್ ಕಟ್ಟಿ, ಆ ಗಂಟಿನಿಂದ ಕಾಗದವನ್ನು ಮೊದಲು ಒರೆಸಿ. ಬೆರಳಿನ ಜಿಡ್ಡು, ತೇವ ಇದ್ದಲ್ಲೆಲ್ಲ ಎಂಬಾಸಿಂಗ್ ಪುಡಿ ಹಿಡಿದುಕೊಳ್ಳುವುದು ಇದರಿಂದ ತಪ್ಪುತ್ತದೆ. ಎಂಬಾಸಿಂಗ್ ಇಂಕು ಅಥವಾ ಪಿಗ್ಮೆಂಟ್ ಇಂಕಿನಿಂದ ಅಚ್ಚು ಒತ್ತಿ. ಡೈ ಇಂಕು ಬೇಗ ಒಣಗುವುದರಿಂದ ಪುಡಿ ನಿಲ್ಲುವುದಿಲ್ಲ. ಕೂಡಲೇ ಎಂಬಾಸಿಂಗ್ ಪುಡಿಯನ್ನು ಧಾರಾಳವಾಗಿ ಸುರಿದು, ಮಡಿಸಿದ ಹಾಳೆಯೊಂದರ ಮೇಲೆ ಕೊಡವಿ. ಹಿಂಬದಿಗೆ ಬೆರಳಿನಿಂದ ಒಂದು ಏಟು ಕೊಟ್ಟರೆ ಹೆಚ್ಚಿನದು ಉದುರುತ್ತದೆ. ಬಿದ್ದ ಪುಡಿಯನ್ನು ಮತ್ತೆ ಡಬ್ಬಿಗೆ ಹಾಕಿ. ದಾರಿ ತಪ್ಪಿದ ಕಾಳುಗಳನ್ನು ಒಣ ಕುಂಚದಿಂದ ತೆಗೆಯಿರಿ, ಕರಗಿದ ಮೇಲೆ ಅವು ಬರುವುದಿಲ್ಲ.

ಇನ್ನು ಶಾಖ. ಹೇರ್ ಡ್ರೈಯರ್ ಆಗುವುದಿಲ್ಲ. ಅದರ ಗಾಳಿ ಹೆಚ್ಚು, ಶಾಖ ಕಡಿಮೆ, ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ಅದಕ್ಕೆ ಹೀಟ್ ಗನ್, ಅಂದರೆ ತುಂಬ ಬಿಸಿ ಗಾಳಿಯನ್ನು ಮೆಲ್ಲಗೆ ಊದುವ ಉಪಕರಣ ಬೇಕು. ಅದನ್ನು ಬೇರೆ ಕಡೆ ತಿರುಗಿಸಿ ಹತ್ತು ಹದಿನೈದು ಸೆಕೆಂಡು ಕಾಯಿಸಿಕೊಂಡು, ಆಮೇಲೆ ಕಾಗದದಿಂದ 3ರಿಂದ 5 ಸೆಂಟಿಮೀಟರ್ ದೂರ ಹಿಡಿಯಿರಿ. ಕಾಗದವನ್ನು ಚಿಮಟದಲ್ಲಿ ಹಿಡಿದಿರಿ, ಬೆರಳಿನಲ್ಲಿ ಬೇಡ. ಸಕ್ಕರೆಯಂತೆ ಒರಟಾಗಿದ್ದ ಪುಡಿ ಒಂದು ತುದಿಯಲ್ಲಿ ತಟ್ಟನೆ ಒದ್ದೆಯಾದಂತೆ ಹೊಳೆಯುತ್ತದೆ. ಆ ಹೊಳಪು ಗೆರೆಯುದ್ದಕ್ಕೂ ಹರಿಯುತ್ತ ಹೋಗುತ್ತದೆ. ಹೊಳಪು ಬಂದ ಜಾಗದಲ್ಲಿ ಒಂದು ಕ್ಷಣವೂ ನಿಲ್ಲದೆ ಮುಂದಕ್ಕೆ ಸರಿಯಬೇಕು. ನಿಂತರೆ ಪುಡಿ ಕಾಗದದೊಳಗೆ ಇಂಗಿ, ಉಬ್ಬು ಇಳಿದು, ಎಣ್ಣೆ ಕಲೆಯಂತೆ ಉಳಿಯುತ್ತದೆ. ಹೀಗಾದದ್ದನ್ನು ಸರಿಪಡಿಸಲು ಬರುವುದಿಲ್ಲ, ಹೊಸ ತುಂಡು ತೆಗೆದುಕೊಳ್ಳಬೇಕು. ಕಾಗದ ಡೊಂಕಾಗಿದ್ದರೆ ಆರಿದ ಮೇಲೆ ಭಾರದ ಪುಸ್ತಕದ ಕೆಳಗಿಡಿ. ಈ ಉಬ್ಬು ಗೆರೆ ಗದ್ದೆಯ ಬದುವಿನಂತೆ ನೀರು ತಡೆಯುತ್ತದೆ. ಒಳಗೆ ನೀರಿನ ಬಣ್ಣ ತುಂಬಿದರೆ ಆಚೆ ಹರಿಯುವುದಿಲ್ಲ.

ಕನ್ನಡ ಅಕ್ಷರದಲ್ಲಿ ಶುಭಾಶಯ ಬೇಕೆಂದರೆ ದೊಡ್ಡ ಎರೇಸರಿನಲ್ಲಿ ನೀವೇ ಕೊರೆಯಬಹುದು. ಅಕ್ಷರ ತಿರುಗುಮುರುಗಾಗುವ ಚಿಂತೆ ಬೇಡ. ಟ್ರೇಸಿಂಗ್ ಕಾಗದದಲ್ಲಿ 2ಬಿ ಪೆನ್ಸಿಲಿನಿಂದ ಮಾಮೂಲಿನಂತೆ ಬರೆದು, ಪೆನ್ಸಿಲಿನ ಮುಖ ಎರೇಸರಿಗೆ ತಾಗುವಂತೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಎರೇಸರಿನಲ್ಲಿ ತಿರುಗಿ ಮೂಡುತ್ತದೆ, ಒತ್ತಿದಾಗ ನೇರ ಬರುತ್ತದೆ. ನಮ್ಮ ಅಕ್ಷರ ದುಂಡಗೆ, ಸುರುಳಿಗಳ ಒಳಗೆ ಜಾಗ ಕಡಿಮೆ. ಒಂದು ಮಿಲಿಮೀಟರಿಗಿಂತ ಕಿರಿದಾದ ಸಂದಿಯಲ್ಲಿ ಇಂಕು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಕ್ಷರ ಹದಿನೈದು ಮಿಲಿಮೀಟರಿನಷ್ಟಾದರೂ ಎತ್ತರವಿರಲಿ. ಹುಟ್ಟುಹಬ್ಬ ಅನ್ನುವ ಒಂದೇ ಪದದಲ್ಲಿ ಎರಡು ಒತ್ತಕ್ಷರ ಕೆಳಕ್ಕೆ ಇಳಿಯುತ್ತವೆ, ಅವಕ್ಕೆ ಎರೇಸರಿನ ಕೆಳಗಡೆ ಜಾಗ ಬಿಟ್ಟೇ ಬರೆಯಿರಿ. ಕೊರೆಯುವಾಗ ಅಲಗು ಗೆರೆಯಿಂದ ಹೊರಕ್ಕೆ ವಾಲಿರಲಿ. ಗೆರೆಯ ಬುಡ ಅಗಲ, ತುದಿ ಕಿರಿದಾಗಬೇಕು. ಬುಡ ಕೊರೆದುಹೋದ ಗೆರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಮಗುಚುತ್ತದೆ. ತಿರುವಿನಲ್ಲಿ ಅಲಗನ್ನು ತಿರುಗಿಸಬೇಡಿ, ಎರೇಸರನ್ನು ತಿರುಗಿಸಿ.

ಅಂಟಿಸಲು ನೀರಿನಂಶವಿರುವ ಗೋಂದು ಬೇಡ. ಕಾಗದ ತೇವ ಹೀರಿ ಉಬ್ಬಿ ಸುಕ್ಕಾಗುತ್ತದೆ. ಎರಡೂ ಕಡೆ ಅಂಟಿರುವ ಟೇಪು ಒಳ್ಳೆಯದು. ಪಿಗ್ಮೆಂಟ್ ಇಂಕಿನ ಕಾರ್ಡಾಗಿದ್ದರೆ ಒಂದು ಇಡೀ ದಿನ ಒಣಗಲು ಬಿಟ್ಟೇ ಲಕೋಟೆಗೆ ಹಾಕಿ.

ಕೆಲಸ ಮುಗಿದ ಕೂಡಲೇ ಸ್ಟಾಂಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಮರದ ಸ್ಟಾಂಪನ್ನು ನೀರಿನಲ್ಲಿ ಮುಳುಗಿಸಿದರೆ ಅಂಟು ಬಿಡುತ್ತದೆ. ಸೀಮೆಎಣ್ಣೆ, ಟರ್ಪೆಂಟೈನ್ ತಾಗಿಸಿದರೆ ರಬ್ಬರು ಊದಿಕೊಳ್ಳುತ್ತದೆ. ಬಿಸಿಲು ಎರಡು ಬಗೆಯ ಸ್ಟಾಂಪಿಗೂ ಆಗದು. ಎರೇಸರಿನಲ್ಲಿ ಕೊರೆದದ್ದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಹಾಕಬೇಡಿ, ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಕಾಗದ ಸುತ್ತಿ ಇಡಿ. ಡೈ ಇಂಕಿನ ಫೆಲ್ಟ್ ಪ್ಯಾಡನ್ನು ಮುಚ್ಚಳ ಭದ್ರಮಾಡಿ ಬೋರಲು ಇಟ್ಟರೆ ಇಂಕು ಮುಖಕ್ಕೆ ಇಳಿದು ನಿಂತಿರುತ್ತದೆ. ಪಿಗ್ಮೆಂಟ್ ಇಂಕಿನ ಸ್ಪಂಜಿನ ಪ್ಯಾಡನ್ನು ಅಂಗಾತವೇ ಇಡಿ.

ನಮಸ್ಕಾರ.