ಅಮೆರಿಕದ ರೇಡಿಯೋ ಕೇಳಿಸದ ದನಿ

ಈಗ ನೀವು ನೋಡುತ್ತಿರುವುದು ವುಲ್ವರ್‌ಹ್ಯಾಂಪ್ಟನ್. ಬರ್ಮಿಂಗ್‌ಹ್ಯಾಮ್ ಪಕ್ಕದ ಊರು. ಇದು ಬೆವರ್ಲಿ ನೈಟ್ ಅವರ ಊರು, ನಾನು ಬಂದಿದ್ದು ಅದೊಂದೇ ಕಾರಣಕ್ಕೆ.

ಬೆವರ್ಲಿ 'ಸೋಲ್' (soul) ಅನ್ನುವ ಸಂಗೀತ ಶೈಲಿಯ ಗಾಯಕಿ. 1973ರಲ್ಲಿ ಇಲ್ಲೇ ಹುಟ್ಟಿದವರು. ಅಪ್ಪ ಅಮ್ಮ ಜಮೈಕಾ ಮೂಲದವರು. ಹಾಡು ಶುರುವಾಗಿದ್ದು ಪೆಂಟೆಕೋಸ್ಟಲ್ ಚರ್ಚಿನಲ್ಲಿ. 2002ರ ಅವರ ಆಲ್ಬಂ ಬ್ರಿಟನ್‌ನ ವರ್ಷದ ಒಳ್ಳೆಯ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಗಿತ್ತು. 2023ರಲ್ಲಿ ನಾಟಕರಂಗದ ಒಲಿವಿಯರ್ ಪ್ರಶಸ್ತಿಯೂ ಬಂತು. ಅಮೆರಿಕದ ದೊಡ್ಡ ಗಾಯಕ ಪ್ರಿನ್ಸ್ ಅಂಥವರೇ ಅವರ ಹಾಡಿಗೆ ಮನಸೋತಿದ್ದರು. ಬ್ರಿಟನ್‌ನಲ್ಲಿ ಇಷ್ಟು ಹೆಸರಿದ್ದರೂ ಅಮೆರಿಕದಲ್ಲಿ ಹೆಚ್ಚಿನವರಿಗೆ ಅವರು ಯಾರು ಅಂತಲೇ ಗೊತ್ತಿಲ್ಲ.

ಯಾಕೆ ಹೀಗೆ? ಸೋಲ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ, ಬ್ರಿಟಿಷರ ದನಿಗೆ ಆ ನೋವು ಬರೋದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬೆವರ್ಲಿ ಬೆಳೆದದ್ದೂ ಚರ್ಚಿನಲ್ಲೇ ಅಲ್ವಾ? ಲಂಡನ್ನಿನ ಸೋಲ್ ಗಾಯಕಿ ಮೀಕಾ ಪ್ಯಾರಿಸ್ ಕೂಡ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ, ಹಾಡಿಕೊಂಡೇ ಬಂದವರು. ದನಿಯಲ್ಲಿ ಕೊರತೆ ಇಲ್ಲ. ದನಿ ಜನರಿಗೆ ತಲುಪುವ ದಾರಿಯಲ್ಲಿ ತೊಂದರೆ ಇದೆ.

ಬ್ರಿಟನ್‌ನಲ್ಲಿ ಬಿಬಿಸಿ ರೇಡಿಯೋ 2 ಒಂದು ಹಾಡನ್ನು ಮತ್ತೆ ಮತ್ತೆ ಹಾಕಿದರೆ ಸಾಕು, ಸ್ಕಾಟ್ಲೆಂಡ್‌ನಿಂದ ಕಾರ್ನ್‌ವಾಲ್‌ವರೆಗೆ ಇಡೀ ದೇಶಕ್ಕೆ ಕೇಳಿಸುತ್ತದೆ. ಅಮೆರಿಕದಲ್ಲಿ ಊರೂರಿಗೂ ಬೇರೆ ಬೇರೆ ಸ್ಟೇಷನ್. ಕಪ್ಪು ಕೇಳುಗರಿಗೆ 'ಅರ್ಬನ್' ಅನ್ನುವ ಸ್ಟೇಷನ್‌ಗಳು, ಪಾಪ್‌ಗೆ ಇನ್ನೊಂದಿಷ್ಟು. ಸೋಲ್ ಹಾಡುವ ಕಪ್ಪು ಗಾಯಕಿ ಸಾಮಾನ್ಯವಾಗಿ ಮೊದಲು ಅರ್ಬನ್ ಸ್ಟೇಷನ್‌ಗಳಲ್ಲಿ ಗೆಲ್ಲಬೇಕು, ಆಮೇಲೆ ಪಾಪ್ ಕಡೆ ದಾಟಬೇಕು. ಅದಕ್ಕೆ ಅವರ ಕಂಪನಿಯ ಅಮೆರಿಕನ್ ಶಾಖೆ ಆ ರೆಕಾರ್ಡನ್ನು ಅಲ್ಲಿ ಬಿಡುಗಡೆ ಮಾಡಬೇಕು, ಪ್ರಚಾರಕ್ಕೆ ದುಡ್ಡು ಸುರಿಯಬೇಕು, ಗಾಯಕಿಯನ್ನು ತಿಂಗಳುಗಟ್ಟಲೆ ಊರೂರು ಸುತ್ತಿಸಬೇಕು. 1996ರ ಟೆಲಿಕಾಂ ಕಾನೂನು ರೇಡಿಯೋ ಒಡೆತನದ ಮಿತಿಯನ್ನು ಸಡಿಲಿಸಿದ ಮೇಲೆ ಇದು ಇನ್ನೂ ಕಷ್ಟವಾಯಿತು. ಕ್ಲಿಯರ್ ಚಾನೆಲ್ ಅನ್ನುವ ಒಂದೇ ಕಂಪನಿಯ ಕೈಗೆ 1,200ಕ್ಕೂ ಹೆಚ್ಚು ಸ್ಟೇಷನ್‌ಗಳು ಬಂದವು. ಯಾವ ಹಾಡು ಹಾಕಬೇಕು ಅಂತ ತೀರ್ಮಾನಿಸುವವರೇ ಕಡಿಮೆಯಾದರು.

ಬೆವರ್ಲಿಯ ಕಂಪನಿಯ ಅಮೆರಿಕನ್ ಶಾಖೆಯ ಮ್ಯಾನೇಜರ್ ಜಾಗದಲ್ಲಿ ಕೂತು ಯೋಚಿಸಿ. ಅಟ್ಲಾಂಟಾ, ಡೆಟ್ರಾಯಿಟ್, ಫಿಲಡೆಲ್ಫಿಯಾದಲ್ಲೇ ಅದ್ಭುತವಾಗಿ ಹಾಡುವವರು ಬೇಕಾದಷ್ಟು ಜನ ಇದ್ದಾರೆ. ವುಲ್ವರ್‌ಹ್ಯಾಂಪ್ಟನ್‌ನಿಂದ ಇನ್ನೊಬ್ಬರು ಯಾಕೆ ಬೇಕು? ಬೆವರ್ಲಿ ಅಮೆರಿಕದ ಸೋಲ್‌ಗೆ ಎಷ್ಟು ಹತ್ತಿರ ಹಾಡಿದರೋ, ಅಲ್ಲಿನ ಕಂಪನಿಗಳಿಗೆ ಅಷ್ಟೇ ಬೇಡವಾದರು ಅಂತ ನನಗೆ ಅನಿಸುತ್ತದೆ. 1989ರಲ್ಲಿ ಬ್ರಿಟನ್ನಿನ ಸೋಲ್ ಟು ಸೋಲ್ ತಂಡ ಅಲ್ಲಿ ಗೆದ್ದಿತಲ್ಲ, ಅದು ಲಂಡನ್ನಿನ ಸೌಂಡ್ ಸಿಸ್ಟಮ್‌ಗಳ (ದೊಡ್ಡ ಸ್ಪೀಕರ್ ಇಟ್ಟು ಪಾರ್ಟಿಗಳಲ್ಲಿ ಹಾಡು ಹಾಕುವ ತಂಡಗಳ) ಜಮೈಕಾ ಮೂಲದ ರೆಗೆ ಸಂಗೀತದ ತಗ್ಗುದನಿಯ ಬೇಸ್ ತೆಗೆದುಕೊಂಡು ಹೋಗಿತ್ತು. ಆ ತಾಳ ಅಮೆರಿಕಕ್ಕೆ ಹೊಸದು.

ಆದರೆ ಲಿಸಾ ಸ್ಟ್ಯಾನ್ಸ್‌ಫೀಲ್ಡ್? ರಾಚ್‌ಡೇಲ್‌ನ ಬಿಳಿ ಗಾಯಕಿ. ಅಮೆರಿಕದ ಸೋಲ್ ಗಾಯಕ ಬ್ಯಾರಿ ವೈಟ್ ನೆನಪಾಗುವಂಥ ಸೋಲ್ ಹಾಡಿ 1990ರಲ್ಲಿ ಅಮೆರಿಕದ ಆರ್ ಅಂಡ್ ಬಿ (ಕಪ್ಪು ಜನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದರು, ಪಾಪ್ ಪಟ್ಟಿಯಲ್ಲೂ ಮೂರನೆಯ ಸ್ಥಾನ. ಒಳ್ಳೆಯ ಹಾಡು, ಅದರಲ್ಲಿ ಎರಡು ಮಾತಿಲ್ಲ. ಆದರೂ ಬಣ್ಣದ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಬಿಳಿಯರು ಸೋಲ್ ಹಾಡಿದರೆ ಅದು ಸುದ್ದಿ. ಕಪ್ಪು ಜನ ಹಾಡಿದರೆ ಅದು ಮಾಮೂಲಿ.

ಬ್ರಿಟನ್ನಿನ ಇನ್ನೊಬ್ಬ ಬಿಳಿ ಗಾಯಕಿ ಏಮಿ ವೈನ್‌ಹೌಸ್ 2008ರಲ್ಲಿ ಐದು ಗ್ರ್ಯಾಮಿ ಗೆದ್ದರು. ಏಮಿ ನನಗೆ ತುಂಬಾ ಇಷ್ಟ. ಆದರೆ ಆ ಗ್ರ್ಯಾಮಿಗಳನ್ನು ತಂದ ಆಲ್ಬಂನ ಹಲವು ಹಾಡುಗಳಿಗೆ ನುಡಿಸಿದ್ದು ಬ್ರೂಕ್ಲಿನ್‌ನ ಡ್ಯಾಪ್-ಕಿಂಗ್ಸ್ ವಾದ್ಯ ತಂಡ. ಅದು ಕಪ್ಪು ಸೋಲ್ ಗಾಯಕಿ ಶ್ಯಾರನ್ ಜೋನ್ಸ್ ಅವರ ತಂಡ. ಶ್ಯಾರನ್ ಅಮೆರಿಕದವರೇ, ಒಂದು ಕಾಲಕ್ಕೆ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಾವಲು ಕೆಲಸ ಮಾಡಿದವರು. ಬಣ್ಣ, ಎತ್ತರ, ಮೈಕಟ್ಟು, ವಯಸ್ಸು ಯಾವುದೂ ಸರಿಯಿಲ್ಲ ಅಂತ ತಮ್ಮನ್ನು ತಿರಸ್ಕರಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮೊದಲ ಆಲ್ಬಂ ಬರುವಷ್ಟರಲ್ಲಿ ನಲವತ್ತು ದಾಟಿತ್ತು. ತನ್ನದೇ ನೆಲದ ಶ್ಯಾರನ್ ಅವರನ್ನು ಇಷ್ಟು ಕಾಯಿಸಿದ ವ್ಯವಸ್ಥೆ ಬೆವರ್ಲಿಗೆ ಬಾಗಿಲು ತೆಗೆಯದಿದ್ದುದು ನನಗೆ ಆಶ್ಚರ್ಯ ಅನಿಸುವುದಿಲ್ಲ. ಬೇಜಾರಂತೂ ಆಗುತ್ತದೆ.

ಬೆವರ್ಲಿ ಆಮೇಲೆ ಅಮೆರಿಕದ ಮೆಂಫಿಸ್‌ಗೇ ಹೋಗಿ, ಸೋಲ್ ಗಾಯಕ ಆಲ್ ಗ್ರೀನ್ ಹಾಡಿದ ರಾಯಲ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಆ ಆಲ್ಬಂ 2016ರಲ್ಲಿ ಬಂತು. ಅದನ್ನು ದಯವಿಟ್ಟು ಕೇಳಿ. ಹಾಗೆಯೇ ಒಮರ್ ಅನ್ನುವ ಲಂಡನ್ ಗಾಯಕರನ್ನೂ ಹುಡುಕಿ, 2006ರಲ್ಲಿ ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ ಜೊತೆ ಸೇರಿ ಮಾಡಿದ ಹಾಡಿನಿಂದ ಶುರುಮಾಡಿ.