ಒಳಗೆ ಹೋದ ಕೆನ್ನೆ: ಮೂಳೆಯ ಪಾಲೆಷ್ಟು, ಕೊಬ್ಬಿನ ಪಾಲೆಷ್ಟು?

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ. ತೋರುಬೆರಳನ್ನು ಕಣ್ಣಿನ ಕೆಳಗೆ ಇಡಿ. ಗಟ್ಟಿ ಮೂಳೆ ಸಿಕ್ಕಿತಾ? ಅದರ ಮೇಲೇ ಬೆರಳನ್ನು ಕಿವಿಯ ಕಡೆಗೆ ಜಾರಿಸುತ್ತಾ ಹೋಗಿ. ಕಿವಿಯ ಮುಂದಿನವರೆಗೂ ಕಮಾನಿನ ಹಾಗೆ ಹೋಗುತ್ತದೆ. ಕೆನ್ನೆಮೂಳೆ ಅಂದರೆ ಇದೇ. ಈಗ ಹಲ್ಲು ಗಟ್ಟಿಯಾಗಿ ಕಚ್ಚಿ. ದವಡೆಯ ಹಿಂದೆ ಏನೋ ಉಬ್ಬಿತು, ಅಲ್ವಾ? ಅದು ಮ್ಯಾಸೆಟರ್, ಜಗಿಯುವ ಸ್ನಾಯು. ಆ ಉಬ್ಬಿನ ಮುಂದೆ, ಕೆನ್ನೆಮೂಳೆಯ ಕೆಳಗೆ ಒತ್ತಿ ನೋಡಿ. ಬೆರಳು ಮೆತ್ತಗೆ ಒಳಗೆ ಹೋಗುತ್ತದೆ. ಇವತ್ತಿನ ಮಾತೆಲ್ಲ ಈ ಒಂದೆರಡು ಬೆರಳಗಲದ ಜಾಗದ ಬಗ್ಗೆ.

ಈ ಜಾಗಕ್ಕೆ ಒಂದು ವಿಚಿತ್ರ ಅದೃಷ್ಟ. ಮನೆಯ ಹಿರಿಯರು ನೋಡಿದರೆ ‘ಏನು, ಕೆನ್ನೆ ಬತ್ತಿಹೋಗಿದೆ, ಊಟ ಮಾಡ್ತಿಲ್ವಾ?’ ಅನ್ನುತ್ತಾರೆ. ಅದೇ ಕೆನ್ನೆ ಬೇಕು ಅಂತ ಹುಡುಗರು ಊಟ ಬಿಡುತ್ತಾರೆ.

ನನ್ನ ಕೈಯಲ್ಲಿರುವ ಈ ಪ್ಲಾಸ್ಟಿಕ್ ತಲೆಬುರುಡೆ ನೋಡಿ. ಕೆನ್ನೆಮೂಳೆಯ ಕೆಳಗೆ ಬರೀ ಖಾಲಿ. ಯಾರ ಬುರುಡೆಯಲ್ಲಾದರೂ ಅಷ್ಟೇ. ಅಂದರೆ ಹಳ್ಳ ಎಲ್ಲರಿಗೂ ಇದೆ. ಆದರೆ ದಡ ಎತ್ತರ ಇದ್ದರೆ ತಾನೇ ಹಳ್ಳ ಕಾಣುವುದು? ಕೆನ್ನೆಮೂಳೆ ಪಕ್ಕಕ್ಕೂ ಮುಂದಕ್ಕೂ ಚಾಚಿಕೊಂಡಿದ್ದು, ಕೆಳದವಡೆಯ ಅಂಚು ಚೂಪಾಗಿದ್ದರೆ ಸ್ವಲ್ಪ ಕೊಬ್ಬು ಇಳಿದರೂ ನೆರಳು ಬೀಳುತ್ತದೆ. ಕೆನ್ನೆಮೂಳೆ ಚಪ್ಪಟೆ ಇದ್ದವರು ಎಷ್ಟು ತೂಕ ಇಳಿಸಿದರೂ ಮುಖ ಸೊರಗುತ್ತದೆಯೇ ಹೊರತು ಆ ನೆರಳು ಮೂಡುವುದಿಲ್ಲ. ಬೇರೆ ಯಾರದೋ ಫೋಟೋ ಇಟ್ಟುಕೊಂಡು ಉಪವಾಸ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಇನ್ನು ಹಳ್ಳ ತುಂಬುವ ಕೊಬ್ಬು. ಅದರಲ್ಲಿ ಎರಡು ಬಗೆ. ಒಂದು ಚರ್ಮದ ಕೆಳಗಿನದು. ಮೈ ತೂಕದ ಜೊತೆ ಏರುತ್ತದೆ, ಇಳಿಯುತ್ತದೆ. ಇನ್ನೊಂದು ಆಳದಲ್ಲಿರುವ ಗಂಟು, ಬಕಲ್ ಫ್ಯಾಟ್. ಒಂದು ಕೆನ್ನೆಗೆ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು. 1732ರಲ್ಲಿ ಜರ್ಮನಿಯ ವೈದ್ಯ ಹೈಸ್ಟರ್ ಇದನ್ನು ಗ್ರಂಥಿ ಅಂದುಕೊಂಡಿದ್ದ. ಅದು ಬರೀ ಕೊಬ್ಬು ಅಂತ ಹೇಳಿದವನು ಫ್ರಾನ್ಸಿನ ಅಂಗರಚನಾ ತಜ್ಞ ಬಿಶಾ, 19ನೇ ಶತಮಾನದ ಶುರುವಿನಲ್ಲಿ. ಪಾಪ, 30ನೇ ವಯಸ್ಸಿಗೇ ತೀರಿಕೊಂಡ. ಈ ಗಂಟಿಗೆ ಇವತ್ತಿಗೂ ಅವನ ಹೆಸರಿದೆ. ಮೈ ತೂಕ ಇಳಿದರೂ ಇದು ಅಷ್ಟಾಗಿ ಕರಗುವುದಿಲ್ಲ. ಸಣಕಲು ಮೈಗೂ ಗುಂಡು ಕೆನ್ನೆ ಇರುವುದು ಇದರಿಂದಲೇ.

ಕೆನ್ನೆಯ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮ ಇಲ್ಲ. ಗಂಟೆಗಟ್ಟಲೆ ಗಮ್ ಜಗಿದರೆ ಬೆಳೆಯುವುದು ಮ್ಯಾಸೆಟರ್. ದವಡೆ ಅಗಲ ಕಾಣುತ್ತದೆ, ಕಿವಿಯ ಮುಂದಿನ ಕೀಲು ನೋವು ಬಂದರೂ ಬರಬಹುದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟುಕೊಂಡರೆ ದೊಡ್ಡವರ ಮೂಳೆ ಬದಲಾಗುತ್ತದೆ ಅನ್ನುವುದಕ್ಕೂ ಪುರಾವೆ ಇಲ್ಲ.

ಆಪರೇಷನ್ ಮಾಡಿ ಆ ಗಂಟನ್ನು ತೆಗೆಸಬಹುದು. ತೆಗೆಯುವ ಜಾಗದ ಪಕ್ಕದಲ್ಲೇ ಎಂಜಲಿನ ನಾಳವಿದೆ, ಮುಖದ ನರದ ಕವಲುಗಳಿವೆ. ಅದಕ್ಕಿಂತ ನನಗೆ ಜಾಸ್ತಿ ಚಿಂತೆ ಮುಂದಿನ ವರ್ಷಗಳದ್ದು. ವಯಸ್ಸಾದಂತೆ ಮುಖದ ಕೊಬ್ಬು ತಾನಾಗಿಯೇ ಕಡಿಮೆಯಾಗುತ್ತದೆ. ಮೇಲ್ದವಡೆಯ ಮೂಳೆ ಸವೆಯುತ್ತದೆ. ದವಡೆ ಹಲ್ಲು ಕೀಳಿಸಿದರೆ ಅದನ್ನು ಹಿಡಿದುಕೊಂಡಿದ್ದ ಮೂಳೆಯೂ ಕರಗುತ್ತದೆ, ಕೆನ್ನೆ ಇನ್ನಷ್ಟು ಒಳಗೆ ಸೇರುತ್ತದೆ. ಇಪ್ಪತ್ತೈದರಲ್ಲಿ ಬೇಡ ಅಂತ ತೆಗೆಸಿದ್ದು ಐವತ್ತರಲ್ಲಿ ಬೇಕು ಅನ್ನಿಸಿದರೆ ಅದು ಮತ್ತೆ ಬೆಳೆಯುವುದಿಲ್ಲ.

ಮೂಳೆ ಹಾಗೇ ಇದ್ದು ಕೊಬ್ಬು ಮಾತ್ರ ಹೋದರೆ ಮುಖ ಹೇಗಾಗುತ್ತದೆ? ಎಚ್‌ಐವಿಗೆ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಮಾತ್ರೆ ಅದನ್ನು ತೋರಿಸಿತು. ಔಷಧ ಕೆಲಸ ಮಾಡುತ್ತಿತ್ತು, ಆದರೆ ಕೆಲವರ ಕೆನ್ನೆಯ ಕೊಬ್ಬು ಪೂರ್ತಿ ಹೋಗುತ್ತಿತ್ತು. ಮುಖ ನೋಡಿಯೇ ಜನ ಕಾಯಿಲೆ ಊಹಿಸುತ್ತಾರೆ ಅಂತ ಅವರು ಹೊರಗೆ ಬರಲು ಹಿಂಜರಿಯುತ್ತಿದ್ದರು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಹಂತಹಂತವಾಗಿ ಕೈಬಿಡಿ ಅಂದಿತು.

ಒಂದು ಮಾತು ಮಾತ್ರ ನೆನಪಿಡಿ. ಡಯೆಟ್ಟೂ ಇಲ್ಲ, ವ್ಯಾಯಾಮವೂ ಇಲ್ಲ, ಆದರೂ ತಿಂಗಳೆರಡು ತಿಂಗಳಲ್ಲಿ ಕೆನ್ನೆ ಇಳಿದಿದ್ದರೆ ಸುಮ್ನೆ ಬಿಡಬೇಡಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಏನೂ ಇರಬಹುದು. ಡಾಕ್ಟರಿಗೆ ತೋರಿಸಿ.

ಈಗ ಹಾಲ್‌ನ ಲೈಟ್ ಆರಿಸೋಣ. ಮುಂದಿನ ಸಾಲಿನಿಂದ ಗುಂಡು ಮುಖದವರು ಒಬ್ಬರು ಬನ್ನಿ, ಬೇಜಾರಿಲ್ಲ ತಾನೇ? ಈ ಟಾರ್ಚನ್ನು ಅವರ ಮುಖದ ಎದುರು ಹಿಡಿಯುತ್ತೇನೆ. ಕೆನ್ನೆ ತುಂಬಿಕೊಂಡಿದೆ. ಈಗ ತಲೆಯ ಮೇಲಿನಿಂದ ಹಿಡಿಯುತ್ತೇನೆ. ನೋಡಿ, ಅರ್ಧ ನಿಮಿಷದಲ್ಲಿ ಇವರ ಕೆನ್ನೆ ಒಳಗೆ ಹೋಯಿತು.