ಹರಾಜಿನ ಜಾಹೀರಾತು ಬರುವ ಮೊದಲು

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ನಾಲ್ವರು ಕನ್ನಡಿಗರು ಸೇರಿದರೆ ಫ್ಲ್ಯಾಟ್ ಎಷ್ಟಕ್ಕೆ ತೆಗೆದಿರಿ ಅನ್ನುವ ಮಾತು ಬಂದೇ ಬರುತ್ತದೆ. ಮನೆ ಸಾಲದ ಕಂತು ತಪ್ಪಿದ ಸುದ್ದಿ ಮಾತ್ರ ಯಾರ ಬಾಯಲ್ಲೂ ಇಲ್ಲ. ಊರಿಗೆ ಗೊತ್ತಾದೀತೆಂಬ ಅಂಜಿಕೆ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವನು. ಬ್ಯಾಂಕಿನ ನೋಟಿಸನ್ನು ಹೆಂಡತಿಗೂ ತೋರಿಸದೆ ಕಪಾಟಿನಲ್ಲಿ ಮಡಚಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಸಾಲಪತ್ರಕ್ಕೆ ಆಕೆಯ ಸಹಿಯೂ ಇರುತ್ತದೆ ಅನ್ನುವುದು ಅವರಿಗೆ ನೆನಪೇ ಇರುವುದಿಲ್ಲ!

ಕಂತಿನ ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಅಲ್ಲಿಯವರೆಗೆ ಮಾತುಕತೆಗೆ ಜಾಗ ಜಾಸ್ತಿ. ಶಾಖೆಗೆ ಹೋಗಿ, ಕೆಲಸ ಹೋದ ಪತ್ರವನ್ನೋ ಆಸ್ಪತ್ರೆಯ ಬಿಲ್ಲನ್ನೋ ಜೊತೆಗಿಟ್ಟು, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಅರ್ಜಿ ಕೊಡಿ. ಬಾಯಿಮಾತು ಸಾಲದು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬ್ಯಾಂಕು ಒಪ್ಪಲೇಬೇಕೆಂದೇನೂ ಇಲ್ಲ. ಆದರೂ ಕೇಳುವ ಹೊತ್ತು ಅದೇ.

ಆಮೇಲೆ ಬರುವುದು 2002ರ ಸರ್ಫೇಸಿ ಕಾಯ್ದೆಯ 13(2) ಕಲಮಿನ ನೋಟಿಸು. ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ಸ್ವಾಧೀನಕ್ಕೆ ತೆಗೆದುಕೊಂಡು ಮಾರಲು ಬಿಡುವ ಕಾಯ್ದೆ ಇದು. 60 ದಿನದೊಳಗೆ ಪೂರ್ತಿ ಬಾಕಿ ಕಟ್ಟಿ ಅನ್ನುತ್ತದೆ. ಲೆಕ್ಕ ತಪ್ಪಿದ್ದರೆ ಲಿಖಿತ ಆಕ್ಷೇಪ ಸಲ್ಲಿಸಿ. 15 ದಿನದಲ್ಲಿ ಬ್ಯಾಂಕು ಉತ್ತರಿಸಬೇಕು. ಅದೂ ಮುಗಿದರೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟುತ್ತದೆ, ಪೇಪರಿನಲ್ಲೂ ಬರುತ್ತದೆ. ಅಷ್ಟಕ್ಕೇ ಯಾರೂ ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಮನೆ ಖಾಲಿ ಮಾಡಿಸಲು ಬ್ಯಾಂಕುಗಳು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ತರುತ್ತವೆ.

ಸ್ವಾಧೀನದ ಕ್ರಮದಲ್ಲಿ ಲೋಪವಿದ್ದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಬರೀ ದಿನ ದೂಡಲು ಹೋದರೆ ಬಡ್ಡಿಯ ಮೇಲೆ ವಕೀಲರ ಫೀಸೂ ಸೇರುತ್ತದೆ, ಅಷ್ಟೇ.

ಹರಾಜಿನ ಹಿಂದಿನ ದಿನ ದುಡ್ಡು ಸುರಿದು ಮನೆ ಬಿಡಿಸಿಕೊಳ್ಳುತ್ತೇನೆ ಅನ್ನುವವರು ಈಗಲೂ ಇದ್ದಾರೆ. ಸರ್ಫೇಸಿ ಕಾಯ್ದೆಗೆ 2016ರ ತಿದ್ದುಪಡಿ ಬಂದ ಮೇಲೆ ಆ ಹಕ್ಕು ಹರಾಜಿನ ಪ್ರಕಟಣೆಯವರೆಗೆ ಮಾತ್ರ. 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ಹಾಗಾದರೆ ಮನೆ ಉಳಿಸುವುದೋ, ಮಾರುವುದೋ? ಆರು ತಿಂಗಳಲ್ಲಿ ಕಂತು ಕಟ್ಟುವಷ್ಟು ಆದಾಯ ಮರಳುತ್ತದೆಯೇ ಎಂದು ಗಂಡ ಹೆಂಡತಿ ಕೂತು ಲೆಕ್ಕ ಹಾಕಬೇಕು. ಹೊಸ ಕೆಲಸದ ಪತ್ರ ಕೈಯಲ್ಲಿದ್ದರೆ ಚಿನ್ನ ಅಡವಿಡಿ, ಬೇಡವೆನ್ನುವುದಿಲ್ಲ. ಆಸೆಯೊಂದನ್ನೇ ನಂಬಿ ಪರ್ಸನಲ್ ಲೋನ್ ತೆಗೆದು ಕಂತು ಕಟ್ಟಬೇಡಿ. ಊರಿನಲ್ಲಿ ಅಮ್ಮನ ಹೆಸರಲ್ಲಿರುವ ತೋಟಕ್ಕಂತೂ ಕೈ ಹಾಕಲೇಬೇಡಿ. ಇಲ್ಲಿನ ಮನೆ ಹೋದರೆ ಬಾಡಿಗೆ ಮನೆಯಾದರೂ ಸಿಗುತ್ತದೆ.

ಆದಾಯ ಬರುವುದಿಲ್ಲವೆಂದಾದರೆ ನೀವೇ ಮಾರಿ. ಲೆಕ್ಕಕ್ಕೆ ಹೇಳುತ್ತೇನೆ: ಫ್ಲ್ಯಾಟಿಗೆ ಮಾರುಕಟ್ಟೆಯಲ್ಲಿ 60 ಲಕ್ಷ, ಸಾಲ 38 ಲಕ್ಷ. 57ಕ್ಕೆ ಕೊಟ್ಟರೂ ಕೈಯಲ್ಲಿ 19 ಉಳಿಯುತ್ತದೆ. ಅದೇ ಮನೆ ಹರಾಜಿನಲ್ಲಿ 48ಕ್ಕೆ ಹೋಯಿತು ಅನ್ನಿ. ಅಷ್ಟರಲ್ಲಿ ಬಡ್ಡಿ, ಖರ್ಚು ಸೇರಿ ಬಾಕಿ 42 ಆಗಿರುತ್ತದೆ. ಮಿಕ್ಕಿದ್ದನ್ನು ಬ್ಯಾಂಕು ನಿಮಗೆ ಕೊಡಬೇಕು, ಅದು ಕಾನೂನು. ಆದರೆ ಮಿಕ್ಕುವುದು 6.

ಸಾಲವಿರುವ ಮನೆ ಮಾರಲಾಗದು ಅನ್ನುವುದು ಸುಳ್ಳು. ಬಾಕಿಯ ಪತ್ರವನ್ನೂ ದಾಖಲೆಗಳ ಪಟ್ಟಿಯನ್ನೂ ಬ್ಯಾಂಕಿನಿಂದ ತೆಗೆದುಕೊಳ್ಳಿ. ಕೊಳ್ಳುವವರ ಬ್ಯಾಂಕು ಅಷ್ಟು ಹಣವನ್ನು ನೇರವಾಗಿ ನಿಮ್ಮ ಸಾಲದ ಖಾತೆಗೆ ಕೊಡುತ್ತದೆ. ಸೊಸೈಟಿಯ ಮೇಂಟೆನೆನ್ಸ್ ಬಾಕಿ ಮೊದಲೇ ತೀರಿಸಿ. ಎಷ್ಟೋ ವ್ಯವಹಾರಗಳು ಸೊಸೈಟಿ ಕೊಡಬೇಕಾದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರದ ಹತ್ತಿರವೇ ನಿಂತುಹೋಗುತ್ತವೆ. ಬ್ರೋಕರಿಗೆ ನೋಟಿಸಿನ ತಾರೀಕು ಹೇಳಬೇಡಿ, ದರ ಅಲ್ಲೇ ಬೀಳುತ್ತದೆ. ಆದರೆ ಕೊಳ್ಳುವವರಿಂದ ಸಾಲದ ಸ್ಥಿತಿಯನ್ನು ಮುಚ್ಚಿಡಬೇಡಿ.

ಬಾಕಿಯಲ್ಲಿ ರಿಯಾಯಿತಿ ಕೊಟ್ಟು ಬ್ಯಾಂಕು ರಾಜಿಗೆ ಬಂದರೆ ಒಳ್ಳೆಯದೇ. ಆದರೆ ನಿಮ್ಮ ಸಾಲದ ಚರಿತ್ರೆ ದಾಖಲಾಗುವ ಸಿಬಿಲ್‌ನಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು) ಎಂದು ಬೀಳುತ್ತದೆ, ಮುಂದಿನ ಸಾಲಕ್ಕೆ ಅದು ಅಡ್ಡಿ. ಅಂದಹಾಗೆ, ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ, ಬಗ್ಗದಿದ್ದರೆ ಇಂಥ ದೂರು ಕೇಳಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಸಾಲ ಪೂರ್ತಿ ತೀರಿದ ಮೇಲೆ ಮೂಲ ದಾಖಲೆಗಳು 30 ದಿನದೊಳಗೆ ವಾಪಸು ಬರಬೇಕು. 2023ರ ಡಿಸೆಂಬರಿನಿಂದ ಇದು ನಿಯಮ. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಪರಿಹಾರ ನಿಮಗೆ ಬರಬೇಕು, ಬಿಡದೆ ಕೇಳಿ ಪಡೆಯಿರಿ.